ಇಮ್ತಿಯಾಜಣ್ಣನ ಆರು ಬಟನ್

ಆಗೆಲ್ಲ ಹಳಿಯಾಳದ ನಮ್ಮ ಓಣಿಯಲ್ಲಿ ಬೇಸಿಗೆ ರಜೆಯ ದಿನ ಶುರುವಾಗುತ್ತಿದ್ದುದೇ ಮಧ್ಯಾಹ್ನ ಮೂರಕ್ಕೆ. ಹನ್ನೆರಡಕ್ಕೆ ಹೋದ ಕರೆಂಟು ಆ ಹೊತ್ತಿಗೆ ಬರುತ್ತಿತ್ತು. ಮೊದಲು ಹಿಟ್ಟಿನ ಗಿರಣಿ ಸದ್ದು ಮಾಡುತ್ತಿತ್ತು, ಆಮೇಲೆ ಯಾರದೋ ಮನೆಯ ರೇಡಿಯೋ. ಕಟ್ಟೆಯ ಮೇಲೆ ಕವಳಿಹಣ್ಣು ತಿನ್ನುತ್ತ ಕೂತಿರುತ್ತಿದ್ದ ನಾನೂ ಗೆಳತಿ ನಸೀಮಾಳೂ ಕೈ ಒರೆಸಿಕೊಂಡು ಅವರ ಮನೆಯ ಹಿಂದಿನ ಕೋಣೆಗೆ ಓಡುತ್ತಿದ್ದೆವು. ಅಲ್ಲಿ ಕಂಪ್ಯೂಟರ್ ಇತ್ತು. ನಮ್ಮ ಓಣಿಗೆಲ್ಲ ಅದೊಂದೇ.

ನಮ್ಮ ಅಪ್ಪ ಡ್ರಿಲ್ ಮಾಸ್ತರರು. ಮನೆಯಲ್ಲೂ ಅದೇ ಶಿಸ್ತು. ಐದಕ್ಕೆ ಏಳಬೇಕು, ಹಾಸಿಗೆಯ ನಾಲ್ಕೂ ಮೂಲೆ ಕೂಡುವಂತೆ ಮಡಚಬೇಕು, ಚಪ್ಪಲಿಗಳ ಮೂತಿ ಬಾಗಿಲ ಕಡೆಗಿರಬೇಕು. ತಪ್ಪು ಮಾಡಿದವರು ಕೇಳುವ ಮೊದಲೇ ಕೈ ಎತ್ತಿದರೆ ಅಂಗಳದಲ್ಲಿ ಹತ್ತು ಸುತ್ತು, ಎತ್ತದೆ ಸಿಕ್ಕಿಬಿದ್ದರೆ ಇಪ್ಪತ್ತು. ನನ್ನ ತಮ್ಮಂದಿರಿಬ್ಬರೂ ಬೇಕಾದಷ್ಟು ಓಡಿದ್ದಾರೆ. ಹಿರಿಯವಳಾದ ನಾನು ಒಂದು ಸುತ್ತೂ ಓಡಿದವಳಲ್ಲ. ಹನ್ನೆರಡು ವರ್ಷದವಳಿಗೆ ಅದಕ್ಕಿಂತ ದೊಡ್ಡ ಹೆಮ್ಮೆ ಬೇರೆ ಇರಲಿಲ್ಲ.

ಕಂಪ್ಯೂಟರ್ ನಸೀಮಾಳ ಅಣ್ಣ ಇಮ್ತಿಯಾಜನದು. ದಾಂಡೇಲಿ ರಸ್ತೆಗೆ ಅವರ ತಂದೆಯ ಗ್ಯಾರೇಜಿತ್ತು. ಅಲ್ಲಿ ದುಡಿದು, ಹುಬ್ಬಳ್ಳಿಯಿಂದ ಹಳೆಯದೊಂದನ್ನು ತಂದು ತಾನೇ ಜೋಡಿಸಿದ್ದ. ಗೋವಾಕ್ಕೆ ಹೋಗುವ ಲಾರಿ ಡ್ರೈವರನೊಬ್ಬ ಕೊಟ್ಟ ಸೀಡಿಯಲ್ಲಿ ಒಂದು ಕಾರಿನ ಆಟವಿತ್ತು. ಗುಡ್ಡದ ರಸ್ತೆ, ಕಾಡು, ಕೊನೆಗೆ ಹೊಳೆ, ಅದರ ಮೇಲೊಂದು ಕಬ್ಬಿಣದ ಸೇತುವೆ. ಇಮ್ತಿಯಾಜಣ್ಣನ ಬಲಗೈಯಲ್ಲಿ ಮೂರೇ ಬೆರಳು. ಹದಿನಾರನೇ ವಯಸ್ಸಿನಲ್ಲಿ ಜೀಪೊಂದರ ಫ್ಯಾನ್ ಬೆಲ್ಟಿಗೆ ತೋರುಬೆರಳು, ನಡುಬೆರಳು ಹೋಗಿದ್ದವು. ಉಳಿದ ಮೂರು ಬೆರಳಿಗೆ ಹೊಂದುವಂತೆ ಅವನು ಆಟದ ಬಟನ್ನುಗಳನ್ನು ಬದಲಿಸಿಕೊಂಡಿದ್ದ. ನಮಗೆ ಮುಟ್ಟಗೊಡುತ್ತಿರಲಿಲ್ಲ.

"ಗ್ಯಾರೇಜಿಗೆ ಬಂದವರೆಲ್ಲಾ ಸ್ಟಿಯರಿಂಗ್ ಹಿಡಿಯಂಗಿಲ್ಲವಾ. ನೋಡಿ ಕಲೀರಿ ಮೊದಲ," ಎನ್ನುತ್ತಿದ್ದ.

ನೋಡಿದೆವು. ಆಟದ ಫೋಲ್ಡರಿನಲ್ಲಿ ಒಂದು ಫೈಲಿತ್ತು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಸಾಲು ಸಾಲಾಗಿ ಇಂಗ್ಲಿಷ್ ಹೆಸರುಗಳು, ಪ್ರತಿಯೊಂದರ ಮುಂದೆ ಒಂದು ಅಂಕಿ. ಕಾರಿನ ನೆರಳಿಗೆ ಎರಡು, ಧೂಳಿಗೆ ಮೂರು, ನೀರಿನ ಹೊಳಪಿಗೆ ಮೂರು, ಎಷ್ಟು ದೂರದವರೆಗೆ ಕಾಣಬೇಕೆಂಬುದಕ್ಕೆ ಸಾವಿರ.

"ಇದು ಕಾರ್ಬುರೇಟರ್ ಇದ್ದಂಗ," ಎಂದಿದ್ದ ಇಮ್ತಿಯಾಜಣ್ಣ. "ಮಷೀನ್ ಮುದುಕ ಆಗೇತಿ, ಭಾರ ಇಳಿಸಬೇಕು. ಒಂದ ಸ್ಕ್ರೂ ತಿರುವು, ಗಾಡಿ ಓಡಿಸಿ ನೋಡು. ಎರಡು ಕೂಡೆ ತಿರುವಿದಿ ಅಂದ್ರ ಯಾವುದರಿಂದ ಏನಾತು ಗೊತ್ತ ಆಗಂಗಿಲ್ಲ. ಮೊದಲಿದ್ದದ್ದು ಎಷ್ಟಂತ ಬರಕೊಂಡ ಇಟ್ಟಿರು."

ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತ್ತು. ಅವನಿಗೆ ಅದನ್ನೆಲ್ಲ ಮಾಡಿ ಮುಗಿಸಲು ಪುರಸತ್ತು ಸಿಗಲಿಲ್ಲ. ಆ ಚಳಿಗಾಲದ ಕೊನೆಗೆ ಕಾಮಾಲೆಯಾಯಿತು. ಜೊಯಿಡಾ ಕಡೆಯ ನಾಟಿ ಔಷಧ ಹತ್ತು ದಿನ, ಹುಬ್ಬಳ್ಳಿಯ ಆಸ್ಪತ್ರೆ ಮೂರು ದಿನ. ತೀರಿಕೊಂಡಾಗ ಅವನಿಗೆ ಇಪ್ಪತ್ತು ವರ್ಷ.

ನಲವತ್ತು ದಿನ ಆ ಕೋಣೆಯ ಬಾಗಿಲು ತೆರೆಯಲಿಲ್ಲ. ತೆರೆದ ದಿನ ನಸೀಮಾ ನನ್ನನ್ನು ಕರೆದಳು. ಒಳಗೆ ಗ್ರೀಸಿನ ವಾಸನೆ ಹಾಗೆಯೇ ಇತ್ತು. ಕಂಪ್ಯೂಟರ್ ಮುಂದೆ ಅವರ ತಾಯಿ ಕೂತಿದ್ದರು. ನಾನು ಅವರನ್ನು ಖಾಲಾ ಎನ್ನುತ್ತಿದ್ದೆ. ಅವರಿಗೆ ಇಂಗ್ಲಿಷಿನ ಒಂದು ಅಕ್ಷರವೂ ಬಾರದು.

"ಇಮ್ತಿ ಆಡತಿದ್ನಲ್ಲಾ, ಅದನ್ನ ಹಚ್ಚ ಬೇಟಿ," ಎಂದರು.

ನಸೀಮಾ ಆಟ ಹಚ್ಚಿದಳು. ಖಾಲಾ ಬಲಗೈಯ ತೋರುಬೆರಳು, ನಡುಬೆರಳು ಎರಡನ್ನೂ ಒಳಗೆ ಮಡಚಿದರು. ಉಳಿದ ಮೂರನ್ನು ಕೀಬೋರ್ಡಿನ ಮೇಲೆ ಇಟ್ಟರು. ಎಡಗೈಯನ್ನು ಇನ್ನೆಲ್ಲೋ ಇಟ್ಟರು. ತಡಕಾಡಲಿಲ್ಲ, ಕೆಳಗೆ ನೋಡಲೂ ಇಲ್ಲ. ಅವನ ಹಿಂದೆ ಚಹಾದ ಕಪ್ಪು ಹಿಡಿದು ನಿಂತು ನಿಂತು ಆ ಜಾಗ ಅವರಿಗೆ ಬಾಯಿಪಾಠವಾಗಿತ್ತು. ಕಾರು ಹೊರಟಿತು. ನಸೀಮಾ ನನ್ನ ತೋಳು ಹಿಡಿದುಕೊಂಡಳು.

ಅಂದಿನಿಂದ ದಿನವೂ ಮೂರಕ್ಕೆ ಖಾಲಾ ಬರುತ್ತಿದ್ದರು. ಎತ್ತಿನ ಗಾಡಿಯಷ್ಟು ನಿಧಾನವಾಗಿ ಕಾರು ಓಡಿಸುತ್ತಿದ್ದರು. ಸೇತುವೆ ಬರುತ್ತಲೇ ಚಿತ್ರ ನಿಂತುಬಿಡುತ್ತಿತ್ತು. ನೀರು, ಹೊಳಪು, ಎರಡೂ ದಂಡೆಯ ಗಿಡಗಳು, ಅಷ್ಟನ್ನು ಆ ಹಳೆಯ ಮಷೀನು ಹೊರಲಾರದು. ಮತ್ತೆ ಅಲುಗುವಷ್ಟರಲ್ಲಿ ಕಾರು ಕಂಬಿ ಮುರಿದು ಹೊಳೆಯಲ್ಲಿರುತ್ತಿತ್ತು. ಖಾಲಾ "ಯಾ ಅಲ್ಲಾ" ಎಂದು ಕೈ ತೆಗೆಯುತ್ತಿದ್ದರು.

ಒಂದು ದಿನ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಸೂಪಾದಾಗ ನಮ್ಮ ತವರಮನಿ ಡ್ಯಾಮಿನ ನೀರಾಗ ಹೋತು. ಅದನ್ನ ಒಂದ ಸಲ ನೋಡಿ ಬಿಟ್ಟೆ. ಇವನು ದಿನಾ ಬೀಳ್ತಾನಲ್ಲೇ."

ಅವರು ಹೋದ ಮೇಲೆ ನಸೀಮಾ ಅಂದಳು: "ಏ ಶೈಲಾ, ಮಾಸ್ತರ ಮಗಳೇ, ದೊಡ್ಡ ಶಾಣ್ಯಾಕಿ ಅಲ್ಲಾ ನೀ? ಭಾಯಿ ಆ ಫೈಲ್ ತೋರಿಸಿದ್ನಲ್ಲಾ, ಮಾಡ ನೋಡೂಣು."

ನಾನು ನೋಟ್‌ಬುಕ್ ತಂದೆ. ಸ್ಕೇಲಿನಿಂದ ಗೆರೆ ಎಳೆದು ಮೂರು ಪಟ್ಟಿ ಮಾಡಿದೆ: ಸಾಲಿನ ಹೆಸರು, ಮೊದಲಿದ್ದದ್ದು, ಈಗ ಇಟ್ಟದ್ದು. ದಿನಕ್ಕೆ ಒಂದೇ ಸಾಲು. ಮೊದಲ ದಿನ ನೆರಳನ್ನು ಸೊನ್ನೆ ಮಾಡಿದೆ. ಕಾರು ಸ್ವಲ್ಪ ಹಗುರಾಯಿತು, ಆದರೂ ಬಿತ್ತು. ಖಾಲಾ ಪರದೆಗೆ ಮುಖ ತಂದು ನೋಡಿದರು.

"ಗಾಡಿ ನೆರಳು ಎಲ್ಲಿ ಹೋತ?"

"ತೆಗದೀನ್ರಿ ಖಾಲಾ. ನೆರಳು ತೆಗದ್ರ ಜಲ್ದಿ ಓಡ್ತೈತಿ."

"ಹೌದು," ಎಂದರು. "ಈಗ ಅವನಿಗೆ ನೆರಳು ಎಲ್ಲಿಂದ ಬರಬೇಕು."

ಎರಡನೆಯ ದಿನ ಧೂಳು, ಮೂರನೆಯ ದಿನ ನೀರಿನ ಹೊಳಪು. ಹೊಳೆ ಸಗಣಿ ಸಾರಿಸಿದ ನೆಲದಂತಾಯಿತು. ನಾಲ್ಕನೆಯ ದಿನ ಸಾವಿರವನ್ನು ನಾನೂರಕ್ಕೆ ಇಳಿಸಿದೆ. ದೂರದ ಗುಡ್ಡ, ಆಚೆ ದಂಡೆ ಎಲ್ಲ ಮಂಜಿನಲ್ಲಿ ಅಳಿಸಿಹೋದವು. ಎದುರಿಗೆ ಬರೀ ಬಿಳಿ. ಆ ಬಿಳಿಯೊಳಗೆ ನೆರಳಿಲ್ಲದ ಕಾರು ಸೇತುವೆ ಹತ್ತಿತು. ಚಿತ್ರ ನಿಲ್ಲಲಿಲ್ಲ. ಕಾರು ಆಚೆ ದಂಡೆಯ ಮಣ್ಣು ಮುಟ್ಟಿದಾಗ ನಸೀಮಾ ಕಿರುಚಿದಳು. ಖಾಲಾ ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಮುತ್ತಿಟ್ಟರು. ಅವರ ಕೈಗೆ ಉಳ್ಳಾಗಡ್ಡಿಯ ವಾಸನೆ. ಒಳಗೆ ಹೋಗಿ ಸಬ್ಜಾ ಹಾಕಿದ ನಿಂಬೆ ಶರಬತ್ತು ತಂದರು. ಅಷ್ಟು ದಿನಗಳಲ್ಲಿ ಆ ಮನೆಯಲ್ಲಿ ಸಿಹಿ ಮಾಡಿದ್ದು ಅದೇ ಮೊದಲು.

ಅಲ್ಲಿಗೆ ಬಿಡಬೇಕಿತ್ತು.

ಮರುದಿನ ಕರೆಂಟು ಎರಡೂವರೆಗೇ ಬಂತು. ಖಾಲಾ ಇನ್ನೂ ಅಡುಗೆಮನೆಯಲ್ಲಿದ್ದರು. ಸುಮ್ಮನೆ ಕೂರಲಾರದ ನಾನು ಫೈಲು ತೆರೆದು ಕೊನೆಯವರೆಗೆ ಓದಿದೆ. ತಳದಲ್ಲಿ ಆರು ಸಾಲು: ಮುಂದೆ, ಹಿಂದೆ, ಎಡ, ಬಲ, ಬ್ರೇಕು, ಗೇರು. ಅವುಗಳ ಮುಂದೆ ಒಂದಕ್ಕೊಂದು ಸಂಬಂಧವಿಲ್ಲದ ಅಕ್ಷರಗಳು, ಚಪ್ಪಲಿಗಳನ್ನು ಒದ್ದು ಬಿಟ್ಟ ಹಾಗೆ. ನನ್ನ ಕೈ ತಡೆಯಲಿಲ್ಲ. ನಾಲ್ಕು ದಿಕ್ಕಿಗೆ ನಾಲ್ಕು ಬಾಣದ ಬಟನ್, ಬ್ರೇಕಿಗೆ ಉದ್ದನೆಯ ಪಟ್ಟಿಯಂಥ ಬಟನ್, ಗೇರಿಗೆ ಅದರ ಪಕ್ಕದ್ದು. ಸೇವ್ ಮಾಡಿ ಮುಚ್ಚಿದೆ. ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಅಂಕಿ ಬದಲಿಸಿದ್ದಷ್ಟೇ ಬದಲಾವಣೆ, ಇದು ಬರೀ ಚೊಕ್ಕ ಮಾಡಿದ್ದು ಎಂಬುದು ನನ್ನ ತಿಳಿವಳಿಕೆ.

"ನೋಡಲೇ, ಈಗ ಎಲ್ಲಾರಂಗ ಆಡಬಹುದು," ಎಂದು ನಸೀಮಾಳಿಗೆ ತೋರಿಸಿದೆ. ಅವಳೂ ಖುಷಿಯಿಂದ ಒಂದು ಸುತ್ತು ಓಡಿಸಿದಳು. ಆ ಕಾಲುಗಂಟೆ ನಾವಿಬ್ಬರೂ ಬರೀ ಮಕ್ಕಳಾಗಿದ್ದೆವು.

ಮೂರಕ್ಕೆ ಖಾಲಾ ಬಂದರು. ಎರಡು ಬೆರಳು ಮಡಚಿದರು. ಮೂರು ಬೆರಳು ಇಟ್ಟರು. ಕಾರು ಕದಲಲಿಲ್ಲ.

ಇನ್ನೊಮ್ಮೆ ಒತ್ತಿದರು. ಕೈ ತೆಗೆದು ಸೆರಗಿಗೆ ಒರೆಸಿ ಮತ್ತೆ ಇಟ್ಟರು. ಇಂಜಿನ್ನಿನ ಸದ್ದು ಬರುತ್ತಿತ್ತು, ಕಾರು ನಿಂತಲ್ಲೇ ನಿಂತಿತ್ತು.

"ಯಾಕ ಬೇಟಾ," ಎಂದರು ಮೆಲ್ಲಗೆ. ಕೇಳಿದ್ದು ನಮ್ಮನ್ನಲ್ಲ.

ನಸೀಮಾ "ಅಮ್ಮೀ, ಅದು ಶೈಲಾ..." ಎಂದು ಬಾಯಿ ತೆರೆದಳು. ನಾನು ಮೇಜಿನ ಕೆಳಗೆ ಅವಳ ತೊಡೆಯನ್ನು ಉಗುರಿನಿಂದ ಚಿವುಟಿದೆ. ಬಲವಾಗಿಯೇ. ಅವಳು ನನ್ನ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡಳು.

ಖಾಲಾ ಬಹಳ ಹೊತ್ತು ಕಾದರು. ಆಮೇಲೆ ಪರದೆಯ ಮೇಲಿನ ಕಾರನ್ನು ಬೆರಳಿನಿಂದ ಒಮ್ಮೆ ಸವರಿ ಎದ್ದುಹೋದರು. ಅಡುಗೆಮನೆಯಿಂದ ಪಾತ್ರೆ ತಿಕ್ಕುವ ಸದ್ದು ಬರತೊಡಗಿತು.

ಮತ್ತೆ ಮೊದಲಿನಂತೆ ಮಾಡಲು ನಾವು ಪ್ರಯತ್ನಿಸದೆ ಇರಲಿಲ್ಲ. ಹೆಬ್ಬೆರಳು ಇಲ್ಲಿತ್ತು ಎಂದು ಅವಳು, ಅಲ್ಲ ಇಲ್ಲಿ ಎಂದು ನಾನು. ನಾವು ನೋಡುತ್ತಿದ್ದುದು ಕಾರನ್ನು, ಅವರ ಕೈಯನ್ನಲ್ಲ. ದಾರಿ ಒಂದೇ ಇತ್ತು. "ಖಾಲಾ, ನಿಮ್ಮ ಕೈ ಒಂದೀಟು ಇಟ್ಟು ತೋರಸ್ರಿ" ಎಂದರೆ ಸಾಕು, ಆ ಆರು ಸಾಲು ಹತ್ತು ನಿಮಿಷದಲ್ಲಿ ಮರಳಿ ಬರುತ್ತಿದ್ದವು. ಹಾಗೆ ಕೇಳಬೇಕಾದರೆ ಮೊದಲು ನಾನು ಕೈ ಎತ್ತಬೇಕಿತ್ತು.

ಎತ್ತಲಿಲ್ಲ. ನಾಳೆ ಹೇಳೋಣ ಎಂದು ಮೂರು ವಾರ ಕಳೆದೆ. ಜೂನಿನಲ್ಲಿ ನನ್ನನ್ನು ಹಾಸ್ಟೆಲ್ ಶಾಲೆಗೆ ಹಾಕಿದರು. ಅಲ್ಲಿಯೂ ಐದಕ್ಕೇ ಗಂಟೆ ಹೊಡೆಯುತ್ತಿತ್ತು. ಮಳೆಗಾಲದಲ್ಲಿ ಕಂಪ್ಯೂಟರಿಗೆ ನೀರು ಬಿದ್ದು ಕೆಟ್ಟಿತಂತೆ. ಗುಜರಿಗೆ ಹೋಯಿತಂತೆ. ಮುಂದಿನ ವರ್ಷ ಅವರು ಗ್ಯಾರೇಜನ್ನು ಮುಂಡಗೋಡಕ್ಕೆ ಒಯ್ದರು.

ಹೋದ ತಿಂಗಳು ಮುಂಡಗೋಡದ ಸಂತೆಯಲ್ಲಿ ನಸೀಮಾ ಸಿಕ್ಕಳು. ಕನ್ನಡಕ, ನರೆತ ಕೂದಲು. ನನ್ನ ನಡಿಗೆಯಿಂದಲೇ ಗುರುತು ಹಿಡಿದಳಂತೆ.

"ಇನ್ನೂ ಪರೇಡ್ ಮಾಡಿದಂಗ ನಡೀತೀಯಲ್ಲೇ," ಎಂದು ನಕ್ಕಳು.

ಖಾಲಾ ತೀರಿಕೊಂಡು ಎರಡು ವರ್ಷವಾಯಿತೆಂದಳು. ನಾನು ಕೈಚೀಲ ಕೆಳಗಿಟ್ಟು, "ನಸೀಮಾ, ಆ ಬಟನ್..." ಎಂದೆ.

"ಅಮ್ಮೀ ಕಡೀತನಕ ನಿನ್ನ ಹೆಸರು ಹೇಳತಿದ್ರು," ಎಂದಳು. "ಇಮ್ತಿ ಹೊಳಿ ದಾಟಿದ, ದಾಟಿದ ಮ್ಯಾಲೆ ಯಾಕ ನಿಲ್ತಾನ, ಹೋದ. ದಾಟಿಸಿದಾಕಿ ಮಾಸ್ತರ ಮಗಳು ಅಂತಿದ್ರು. ನಮಾಜಿಗೆ ಕುಂತಾಗೆಲ್ಲಾ ನಿನಗೊಂದು ದುವಾ ಇತ್ತು."

"ನೀ ಖರೇ ಏನಂತ ಹೇಳಲಿಲ್ಲೇನು?"

"ಹೆಂಗ ಹೇಳ್ಲಿ? ನೀ ಚಿವುಟಿದ್ದಿಯಲ್ಲಾ."

ಅವಳು ನಗುತ್ತಿದ್ದಳು, ಕಣ್ಣು ನಗುತ್ತಿರಲಿಲ್ಲ. ನಾನು ಹಿಡಿಯಬೇಕಿದ್ದ ಹುಬ್ಬಳ್ಳಿ ಬಸ್ಸು ಹಾರನ್ ಹೊಡೆಯಿತು. ಮಾತು ಅಲ್ಲಿಗೇ ನಿಂತಿತು.

ಈಗ ನಮ್ಮ ಮನೆಯಲ್ಲಿ ಮೂರು ಕಂಪ್ಯೂಟರ್‌ಗಳಿವೆ. ತಮ್ಮನ ಮಗಳು ಆಡುವ ಆಟಗಳಲ್ಲಿ ನೀರು ಹೊಳೆಯುತ್ತದೆ, ಪ್ರತಿ ಎಲೆಗೂ ನೆರಳಿದೆ, ಗುಡ್ಡದ ಹಿಂದಿನ ಗುಡ್ಡವೂ ಕಾಣುತ್ತದೆ, ಚಿತ್ರ ಎಲ್ಲಿಯೂ ನಿಲ್ಲುವುದಿಲ್ಲ. ಅವಳು ಯಾವ ಫೈಲನ್ನೂ ತೆರೆಯಬೇಕಾಗಿಲ್ಲ. ಅವಳು ಶಾಲೆಗೆ ಹೋದಾಗ ನಾನು ಆ ಕುರ್ಚಿಯಲ್ಲಿ ಕೂರುತ್ತೇನೆ. ಬಲಗೈಯ ಎರಡು ಬೆರಳು ಮಡಚಿ, ಉಳಿದ ಮೂರನ್ನು ಕೀಬೋರ್ಡಿನ ಮೇಲೆ ಇಟ್ಟು ನೋಡುತ್ತೇನೆ. ಎಲ್ಲಿ ಇಟ್ಟರೂ ಅದು ನನ್ನ ಕೈಯೇ.

ಹಳೆಯ ನೋಟ್‌ಬುಕ್ ಇನ್ನೂ ಇದೆ. ನೆರಳು: ಮೊದಲಿದ್ದದ್ದು ಎರಡು. ಧೂಳು: ಮೂರು. ನೀರು: ಮೂರು. ದೂರ: ಸಾವಿರ. ಸಂತೆಯಿಂದ ಬಂದ ದಿನ ಅದರ ಕೆಳಗೆ ಹೊಸ ಸಾಲು ಎಳೆದು "ಬಟನ್, ಆರು" ಎಂದು ಬರೆದೆ. ಈಗ ಇಟ್ಟದ್ದು ಎಂಬಲ್ಲಿ ಆರನ್ನೂ ತುಂಬಿದೆ. ಮೊದಲಿದ್ದದ್ದು ಎಂಬ ಜಾಗ ಖಾಲಿಯಿದೆ. ಅದನ್ನು ತುಂಬಬಲ್ಲ ಕೈ ಎರಡಿದ್ದವು, ಎರಡೂ ಈಗ ಮಣ್ಣಲ್ಲಿವೆ.