ಕಾಮಾಕ್ಷಿಪಾಳ್ಯದಿಂದ ಅಳಿವೆಗೆ ಇಪ್ಪತ್ತು ಜರಡಿ

ಬೆಳಿಗ್ಗೆ ಐದಕ್ಕೆ ಕಾಮಾಕ್ಷಿಪಾಳ್ಯದ ನನ್ನ ವರ್ಕ್‌ಶಾಪಿನ ಮುಂದೆ ಗೂಡ್ಸ್ ಗಾಡಿ ಬಂದು ನಿಂತಿತು. ಡ್ರೈವರ್ ಸಿದ್ದರಾಜು ಬಾಡಿಗೆಯನ್ನು ಹದಿನೆಂಟು ಸಾವಿರದಿಂದ ಶುರು ಮಾಡಿ ಹದಿನಾಲ್ಕಕ್ಕೆ ಇಳಿದಿದ್ದ. ಹೋಗಿ ಬರಲು ಸುಮಾರು ಒಂಬೈನೂರು ಕಿಲೋಮೀಟರ್, ಡೀಸೆಲ್ ಅವನದೇ. ನಿಮಗೂ ಒಂದು ಮಾತು ಹೇಳಿಬಿಡುತ್ತೇನೆ: ಬಾಡಿಗೆ ಕುದುರಿಸುವಾಗ ನಿಮಗೆ ಅವಸರವಿದೆ ಎಂದು ಡ್ರೈವರಿಗೆ ಗೊತ್ತಾಗಲೇಬಾರದು.

ಗಾಡಿಯಲ್ಲಿ ಇದ್ದದ್ದು ಇಪ್ಪತ್ತು ಸ್ಟೀಲ್ ಜರಡಿ. ಮಾಡಿಸಿದವರು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಶೈಲಜಾ ಮೇಡಂ. ಅನ್ನಪೂರ್ಣೇಶ್ವರಿ ನಗರದ ಮನೆಯಿಂದ ಅವರನ್ನೂ ಗಾಡಿಗೆ ಹತ್ತಿಸಿಕೊಂಡೆವು. ಕುಮಟಾ ಹತ್ತಿರ, ನದಿ ಸಮುದ್ರ ಸೇರುವ ಅಳಿವೆಯಲ್ಲಿ ಹೆಂಗಸರು ಬಳಚು ಎಂಬ ಕಪ್ಪೆಚಿಪ್ಪನ್ನು ಆಯ್ದು ಜೀವನ ಮಾಡುತ್ತಾರೆ. ದೊಡ್ಡದರ ಜೊತೆ ಮರಿಯನ್ನೂ ಬಾಚಿ ಬಾಚಿ ಅಳಿವೆ ಬರಿದಾಗುತ್ತಿತ್ತು. ಮರಿ ಸಂದಿನಲ್ಲಿ ಜಾರಿ ನೀರಿಗೆ ಬೀಳಬೇಕು, ದೊಡ್ಡದು ಉಳಿಯಬೇಕು, ಅಂಥ ಜರಡಿ ಬೇಕಿತ್ತು.

"ನಾಳೆ ಇಳಿತದ ಹೊತ್ತಿಗೆ ಮೂವತ್ತು ಜನ ಹೆಂಗಸರು ಬರ್ತಾರೆ ಶಿವಣ್ಣ," ಎಂದರು ಮೇಡಂ, ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ. "ಅವರಲ್ಲೇ ಒಬ್ಬರು, ನಾಗವೇಣಿ ಅಂತ, ಮನೆಮನೆಗೆ ಹೋಗಿ ಒಪ್ಪಿಸಿದಾರೆ. ಒಂದೇ ಒಂದು ದಿನ ನೋಡ್ತೀವಿ ಅಂದಿದಾರಂತೆ. ಜರಡಿ ಕೈ ಕೊಟ್ರೆ ಆಯಮ್ಮನ ಮಾತನ್ನ ಇನ್ಯಾರೂ ಕೇಳಲ್ಲ."

"ಹತ್ತು ವರ್ಷ ಅಲ್ಲಾಡಲ್ಲ ಮೇಡಂ. ನಾನು ಮಾಡಿದ್ದು," ಎಂದೆ.

ಶಿವಮೊಗ್ಗದಲ್ಲಿ ಊಟವಾಯಿತು. ಜೋಗ ದಾಟಿ ಘಾಟಿಯ ತಿರುವಿನಲ್ಲಿ ಹಗ್ಗ ಸಡಿಲವಾಯಿತೆಂದು ಸಿದ್ದರಾಜು ಗಾಡಿ ನಿಲ್ಲಿಸಿದ. ಬಿಗಿದು ಕಟ್ಟುವಾಗ ನನ್ನ ಬೆರಳು ಎರಡು ಸರಳುಗಳ ನಡುವೆ ಹೋಯಿತು. ಏನೋ ಬಿಗಿ ಅನ್ನಿಸಿತು. ಜೇಬಿನಿಂದ ಟೇಪು ತೆಗೆದು ಹಿಡಿದೆ. ಮೇಡಂ ಕೊಟ್ಟ ಅಳತೆಗಿಂತ ಎರಡು ಮಿಲಿಮೀಟರ್ ಕಡಿಮೆ. ಇನ್ನೊಂದು ಜರಡಿ, ಮತ್ತೊಂದು, ಎಲ್ಲವೂ ಅಷ್ಟೇ.

ತಪ್ಪು ಎಲ್ಲಾಯಿತೆಂದು ಅಲ್ಲೇ ಹೊಳೆಯಿತು. ಮೇಡಂ ಹೇಳಿದ್ದು ನಾಲ್ಕು ಮಿಲಿಮೀಟರಿನ ಸರಳು. ಗಟ್ಟಿ ಬರಲಿ ಎಂದು ಅವರನ್ನು ಕೇಳದೆ ನಾನು ಆರರದ್ದು ಹಾಕಿದ್ದೆ. ಸರಳು ಕೂರಿಸುವ ಅಚ್ಚು ಮಾತ್ರ ನಾಲ್ಕರ ಲೆಕ್ಕದ್ದೇ. ಸರಳು ದಪ್ಪವಾದಷ್ಟು ಸಂದು ಕಿರಿದಾಗಿತ್ತು. ಮೂವತ್ತು ವರ್ಷ ಜಲ್ಲಿ, ಮರಳಿಗೆ ಜರಡಿ ಮಾಡಿದ ಕೈ. ಅಲ್ಲಿ ಎರಡು ಮಿಲಿಮೀಟರನ್ನು ಯಾರು ನೋಡುತ್ತಾರೆ? ಇಲ್ಲೂ ನೋಡಲಿಕ್ಕಿಲ್ಲ ಎಂದು ಟೇಪು ಮಡಿಚಿದೆ.

"ಏನಣ್ಣ, ಮುಖ ಹಿಂಗಾಯ್ತು? ಘಾಟಿಗೆ ತಲೆ ಸುತ್ತಿತಾ?" ಎಂದ ಸಿದ್ದರಾಜು.

"ಹ್ಞೂಂ, ನೀನು ರೋಡ್ ನೋಡ್ಕೊಂಡು ಓಡ್ಸು."

ಕುಮಟಾದ ಲಾಡ್ಜಿನಲ್ಲಿ ರೂಮಿಗೆ ಒಂಬೈನೂರು ಎಂದರು. ಎಷ್ಟಕ್ಕೆ ಬಿಡುತ್ತೀರಿ ಎಂದು ನಾನು ಕೇಳಲೇ ಇಲ್ಲ. ಮೇಡಂ ವಿಚಿತ್ರವಾಗಿ ನೋಡಿದರು.

ಬೆಳಿಗ್ಗೆ ಏಳಕ್ಕೆ ಅಳಿವೆಯ ನೀರು ಇಳಿದು ಕೆಸರಿನ ದಿಬ್ಬಗಳು ಕಾಣುತ್ತಿದ್ದವು. ಸೀರೆ ಎತ್ತಿ ಕಟ್ಟಿಕೊಂಡ ಹೆಂಗಸರು ಸಾಲಾಗಿ ನಿಂತಿದ್ದರು. ಬಳಚು ಕೊಳ್ಳುವ ಏಜೆಂಟ್ ದಂಡೆಯಲ್ಲಿ ಬೈಕಿನ ಮೇಲೆ ಕೂತಿದ್ದ. ಮರಿಯಾದರೂ ಅವನಿಗೆ ನಡೆಯುತ್ತದೆ; ತೂಕ ಬಂದರೆ ಸಾಕು.

ನಾಗವೇಣಿ ಐವತ್ತು ದಾಟಿದ ಹೆಂಗಸು, ತೆಳ್ಳಗೆ, ಗಟ್ಟಿ ದನಿ. ಜರಡಿ ಎತ್ತಿದವರೇ, "ಭಾರ ಉಂಟು ಮಾರಾಯ್ರೆ," ಎಂದು ಸೊಂಟದುದ್ದ ನೀರಿಗಿಳಿದರು. ಕೆಸರು ಬಾಚಿ ತುಂಬಿ, ನೀರಿನಲ್ಲಿ ಅಲ್ಲಾಡಿಸಿ ಎತ್ತಿದರು. ಕೆಸರು ಹೋಗಿತ್ತು. ಮರಿ ಹೋಗಿರಲಿಲ್ಲ. ಮತ್ತೆ ಅಲ್ಲಾಡಿಸಿದರು. ಮರಿಗಳು ಸಂದಿನಲ್ಲಿ ಕಚ್ಚಿಕೊಂಡು ಕೂತಿದ್ದವು.

"ಬೆಂಗಳೂರಿಂದ ಮರಳು ಸೋಸುವ ಜರಡಿ ಬಂತು!" ಎಂದ ಏಜೆಂಟ್. ಹಿಂದೆ ಯಾರೋ ನಕ್ಕರು. ಒಬ್ಬ ಹೆಂಗಸು, "ಎಂತ ನಾಗವೇಣಕ್ಕ, ಇದಕ್ಕಾ ನಮ್ಮ ಒಂದು ದಿನದ ಕೆಲಸ ಬಿಡಿಸಿದ್ದು?" ಎಂದು ಬುಟ್ಟಿ ಎತ್ತಿಕೊಂಡಳು.

ನಾಗವೇಣಿ ಜರಡಿಯನ್ನು ಸೊಂಟಕ್ಕೆ ಆನಿಸಿಕೊಂಡರು. ಮೇಡಂ ಕಡೆ ನೋಡಿದರು. ಮೇಡಂ, "ನಾನೇ ಅಳತೆ ತಪ್ಪು ಕೊಟ್ನೇನೋ," ಎಂದು ಅಳತೆ ಬರೆದಿಟ್ಟ ಪುಸ್ತಕ ತಿರುವತೊಡಗಿದರು. ಸುಮ್ಮನಿದ್ದರೆ ತಪ್ಪು ಅವರ ಲೆಕ್ಕಕ್ಕೆ ಹೋಗುತ್ತಿತ್ತು.

"ಅಳತೆ ಸರಿ ಇದೆ ಮೇಡಂ," ಎಂದೆ. "ಸರಳು ದಪ್ಪ ಹಾಕಿದ್ದು ನಾನು. ನಿಮ್ಮನ್ನ ಕೇಳ್ಲಿಲ್ಲ. ನಿನ್ನೆ ಘಾಟಿಯಲ್ಲೇ ಗೊತ್ತಾಯ್ತು, ಬಾಯಿ ಬಿಡ್ಲಿಲ್ಲ."

ನಾಗವೇಣಿ ನೀರಿನಿಂದಲೇ ಕೇಳಿದರು: "ಗೊತ್ತಿದ್ದೂ ನನ್ನನ್ನ ನೀರಿಗೆ ಇಳಿಸಿದ್ರಾ?"

ನಾನು ಇನ್ನೊಂದು ಜರಡಿ ಎತ್ತಿಕೊಂಡೆ. "ಭರತ ಬಂದು ನೀರು ಏರೋಕೆ ಎಷ್ಟು ಹೊತ್ತಿದೆ?" ಎಂದೆ.

"ಎರಡು ತಾಸು. ಹೆಚ್ಚಿಲ್ಲ."

ಅವರು ಮೇಲೆ ಬಂದು ಬುಟ್ಟಿಯಲ್ಲಿ ಹುಡುಕಿ ಮರಿಯ ಒಂದು ಖಾಲಿ ಚಿಪ್ಪನ್ನು ತೆಗೆದು, ಎರಡು ಹೋಳನ್ನೂ ಮುಚ್ಚಿ ದಾರ ಸುತ್ತಿ ನನ್ನ ಕೈಗಿಟ್ಟರು. "ನಿಮ್ಮ ಟೇಪು ಬೇಡ. ಸಂದಿನಿಂದ ಇದು ಬೀಳ್ಬೇಕು."

ಅರ್ಧ ಕಿಲೋಮೀಟರ್ ಆಚೆ ಬೋಟ್ ರಿಪೇರಿ ಶೆಡ್ಡಿತ್ತು. ಅದರ ಯಜಮಾನರಿಗೆ ವಿಷಯ ಹೇಳಿದೆ; ವೆಲ್ಡಿಂಗ್ ಮೆಷೀನು ಕೊಟ್ಟು ಪಕ್ಕದಲ್ಲೇ ನಿಂತರು. ಆ ಒಂದು ಜರಡಿಯ ಹನ್ನೆರಡು ಸರಳನ್ನೂ ಕತ್ತರಿಸಿ, ಒಂದನ್ನು ಕೈಬಿಟ್ಟು, ಉಳಿದ ಹನ್ನೊಂದನ್ನು ಅಗಲಿಸಿ ಬೆಸೆಯತೊಡಗಿದೆ. ಏಳನೆಯ ಸರಳಿಗೆ ಕರೆಂಟು ಹೋಯಿತು. ಶೆಡ್ಡಿನ ಬಾಗಿಲಿನಿಂದ ನೋಡಿದರೆ ಕೆಸರಿನ ದಿಬ್ಬದ ಅಂಚಿಗೆ ನೀರು ಬಂದಾಗಿತ್ತು. ಇಪ್ಪತ್ತು ನಿಮಿಷ ಕಾದೆವು. ಕರೆಂಟು ಬಂತು.

ಬಿಸಿ ಆರದ ಜರಡಿ ಹಿಡಿದು ಓಡಿ ಬಂದಾಗ ಅರ್ಧ ಜನ ಹೋಗಿದ್ದರು. ನಾಗವೇಣಿ ಎದೆಮಟ್ಟದ ನೀರಿಗಿಳಿದರು. ಮುಳುಗಿ ಬಾಚಿದರು, ಅಲ್ಲಾಡಿಸಿದರು, ಎತ್ತಿದರು. ತಳದಿಂದ ಮರಿಗಳು ಪಟಪಟ ನೀರಿಗೆ ಉದುರಿದವು. ದೊಡ್ಡವು ಉಳಿದವು.

ಬುಟ್ಟಿ ಎತ್ತಿಕೊಂಡಿದ್ದ ಹೆಂಗಸು ಅದನ್ನು ಕೆಳಗಿಟ್ಟಳು. "ಕೊಡು, ನಾನೂ ನೋಡ್ತೆ," ಎಂದು ನೀರಿಗಿಳಿದಳು.

ಅಲ್ಲಿಗೇ ಎಲ್ಲರೂ ಒಪ್ಪಿದರು ಎಂದುಕೊಳ್ಳಬೇಡಿ. ನಾಗವೇಣಿ ದಂಡೆಗೆ ಬಂದು ಸೀರೆ ಹಿಂಡುತ್ತಾ, "ಈ ಒಂದು ನಮ್ಮ ಹತ್ರ ಇರ್ಲಿ. ಹತ್ತೊಂಬತ್ತು ವಾಪಸ್ ತಗೊಂಡ್ಹೋಗಿ," ಎಂದರು. "ಅಮಾಸೆ ಇಳಿತಕ್ಕೆ ಎಲ್ಲರನ್ನೂ ಇನ್ನೊಂದ್ಸಲ ಕರೀತೇನೆ. ಮೂರನೇ ಸಲ ಕರೀಲಿಕ್ಕೆ ನನ್ಗೆ ಮುಖ ಇಲ್ಲ."

ಗಾಡಿ ಹೊರಟಾಗ ತಿರುಗಿ ನೋಡಿದೆ. ಅಳಿವೆ ತುಂಬಿತ್ತು, ದಿಬ್ಬ ಒಂದೂ ಕಾಣುತ್ತಿರಲಿಲ್ಲ.

ಊರಿಗೆ ಬಂದವನು ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟೆ. ಸರಳು ನಾಲ್ಕರದ್ದೇ ಹಾಕಿದೆ, ಭಾರವೂ ಇಳಿಯಿತು. ದಾರ ಸುತ್ತಿದ ಆ ಚಿಪ್ಪನ್ನು ಹತ್ತೊಂಬತ್ತು ಜರಡಿಯ ಒಂದೊಂದು ಸಂದಿನಲ್ಲೂ ನಾನೇ ಕೂತು ಬೀಳಿಸಿ ನೋಡಿದೆ. ಕೊನೆಯ ಸಂದಿನಲ್ಲೂ ಅದು ಟಣ್ ಎಂದು ಕೆಳಗೆ ಬಿತ್ತು. ಅಮಾವಾಸ್ಯೆಗೆ ಎರಡು ದಿನವಿತ್ತು. ಸಿದ್ದರಾಜುವಿಗೆ ಫೋನ್ ಮಾಡಿದೆ.

"ಹದಿನೆಂಟು ಆಗತ್ತಣ್ಣ," ಎಂದ.

"ಬೆಳಿಗ್ಗೆ ಐದಕ್ಕೆ ಬಾ," ಎಂದೆ.