ಪರಾತದೊಳಗಿನ ಹೂವು

ನಮ್ಮದು ಹಿರೇಕೆರೂರಿನಲ್ಲಿ ಹಿಟ್ಟಿನ ಗಿರಣಿ. ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಮೋಟರ್ ಚಾಲೂ ಆದರೆ ಅಡುಗೆಮನೆಯ ಡಬ್ಬಿಗಳೂ ಸಣ್ಣಗೆ ನಡುಗುತ್ತವೆ. ನಾನು, ಅಕ್ಕ ಇಬ್ಬರೂ ಆ ಸದ್ದಿನಲ್ಲೇ ಬೆಳೆದೆವು. ಗಿರಾಕಿಯನ್ನು ಕರೆಯುವುದಕ್ಕೂ ಕೂಗಬೇಕು, ಊಟಕ್ಕೆ ಏಳಿಸುವುದಕ್ಕೂ ಕೂಗಬೇಕು. ನಮಗೆ ಅದೇ ಮಾತು.

ಮದುವೆಯಾಗಿ ಹಾನಗಲ್ಲಿಗೆ ಹೋದ ಅಕ್ಕನನ್ನು ಆ ಮನೆಯವರು ತಿರುಗಿ ಕಳಿಸಿದ್ದು ಈ ದನಿಯ ನೆಪದಲ್ಲೇ. ಅವಳ ಅತ್ತೆ ನಮ್ಮ ಪಡಸಾಲೆಯಲ್ಲಿ ಕುಳಿತು, ಚಹಾ ಪೂರ್ತಿ ಕುಡಿದು, ಆಮೇಲೆ ಅವ್ವನಿಗೆ ಹೇಳಿದಳು:

“ಬೀಗತಿ, ನಿಮ್ಮ ಮಗಳ ಬಾಯಿ ಗಿರಣಿ ಐತ್ರಿ. ಓಣಿ ಮಂದಿ ನಗಾಕತ್ತಾರ. ಒಂದೀಟು ದಿನ ನಿಮ್ಮ ಕಡೆ ಇರಲಿ.”

ಆ ದಿನಗಳು ಮುಗಿಯಲೇ ಇಲ್ಲ. ಅಕ್ಕನ ಗಂಡ ಶಿಗ್ಗಾಂವದ ಕಡೆಯ ಇನ್ನೊಂದು ಹೆಣ್ಣನ್ನು ಮನೆ ತುಂಬಿಸಿಕೊಂಡ. ಅಕ್ಕ ನನ್ನ ಜೊತೆ ಗಿರಣಿಯಲ್ಲಿ ನಿಂತಳು. ಆದರೆ ದನಿ ಎಲ್ಲಿ ಹೋಯಿತೋ. ಮೋಟರ್ ಓಡುವಾಗ ಅವಳು ಹೇಳಿದ್ದು ಯಾರಿಗೂ ಕೇಳುತ್ತಿರಲಿಲ್ಲ. ಕೈಸನ್ನೆಯಲ್ಲೇ ಕೆಲಸ ಸಾಗಿಸುತ್ತಿದ್ದಳು.

ಅವಳಿಗೆ ಒಂದು ಆಟವಿತ್ತು. ಗೋಡೆಯ ಬದಿಯ ಕಟ್ಟೆಯ ಮೇಲೆ ಕಾಳು ಅಳೆಯುವ ಸೇರನ್ನು ಬೋರಲಾಗಿಟ್ಟು, ಅದರ ಮೇಲೆ ಹಿಟ್ಟಿನ ಡಬ್ಬಿಯ ಮುಚ್ಚಳವಿಟ್ಟು, ಅಕ್ಕಿಯ ತರಿ ಉದುರಿಸುವುದು. ಗಿರಣಿಯ ಸದ್ದಿಗೆ ಮುಚ್ಚಳ ನಡುಗಿ, ತರಿ ಇರುವೆಗಳ ಹಾಗೆ ಹರಿದಾಡಿ, ಗೆರೆಗಳಾಗಿ ನಿಲ್ಲುತ್ತಿತ್ತು. ಒಮ್ಮೆ ನಕ್ಷತ್ರ, ಒಮ್ಮೆ ಎಸಳೆಸಳಾದ ಹೂವು. ಅಂಚಿನ ಮೇಲೆ ಹೆಬ್ಬೆರಳು ಒತ್ತಿದರೆ ಚಿತ್ರವೇ ಬೇರೆ. ತಗಡು ಹೆಚ್ಚು ನಡುಗುವ ಕಡೆಯಿಂದ ಕಾಳು ಸಿಡಿದು, ನಡುಗದ ಕಡೆ ಕೂಡಿಕೊಳ್ಳುತ್ತದೆ, ಅಷ್ಟೆ. ಮೋಟರ್ ನಿಂತ ಮೇಲೆ ಅಕ್ಕ ನನಗೆ ಅದನ್ನು ತೋರಿಸಿ, “ಗದ್ದಲ ಇಲ್ಲದ ಜಾಗಾ ಹುಡಿಕ್ಕೊಂಡು ಬಂದು ಕುಂತಾವ ನೋಡು, ನನ್ನಂಗ” ಎನ್ನುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು.

ಹೋದ ವರ್ಷ ಅಕ್ಕನಿಗೆ ಕಾಮಾಲೆಯಾಯಿತು. ದಾವಣಗೆರೆಯ ದವಾಖಾನೆಯಲ್ಲಿ ಮಲಗಿದ್ದಾಗ ಹಾನಗಲ್ಲಿನಿಂದ ಒಂದು ಫೋನೂ ಬರಲಿಲ್ಲ. ಸತ್ತ ಮೇಲೆ ಮಾತ್ರ ಜೀಪು ತುಂಬ ಮಂದಿ ಬಂದರು.

ಮೂರನೆಯ ದಿನ ಸಂಜೆ, ಸತ್ತವರು ಮಲಗಿದ್ದ ಜಾಗದಲ್ಲಿ ತರಿ ಹರಡಿ ಬುಟ್ಟಿ ಮುಚ್ಚಿಡುವುದು ನಮ್ಮ ಮನೆತನದ ಪದ್ಧತಿ. ಬೆಳಿಗ್ಗೆ ಬುಟ್ಟಿ ತೆಗೆದು ಗುರುತು ನೋಡಬೇಕು. ಹಕ್ಕಿಯ ಕಾಲು ಮೂಡಿದರೆ ಒಂದು ಅರ್ಥ, ಹಾವಿನ ಗೆರೆ ಮೂಡಿದರೆ ಇನ್ನೊಂದು. ಅಕ್ಕ ಮಲಗುತ್ತಿದ್ದದ್ದು ಗಿರಣಿಯ ಗೋಡೆಗೆ ಹತ್ತಿದ ಕೋಣೆಯಲ್ಲಿ. ನೆಲದ ಮೇಲೆ ಇರುವೆ ಹತ್ತುತ್ತವೆಂದು ಅವ್ವ ಅಕ್ಕನದೇ ಸೇರನ್ನು ಬೋರಲು ಹಾಕಿ, ಅದರ ಮೇಲೆ ಹಿಟ್ಟು ನಾದುವ ಹಿತ್ತಾಳೆಯ ಪರಾತವಿಟ್ಟು ತರಿ ಹರಡಿದಳು. ಮೇಲೆ ದೊಡ್ಡ ಬುಟ್ಟಿ ಮುಚ್ಚಿದಳು.

ಬೆಳಗಾದಾಗ ಅಷ್ಟೊಂದು ಮಂದಿಯ ರೊಟ್ಟಿಗೆ ಹಿಟ್ಟಿರಲಿಲ್ಲ. ತ್ರೀ ಫೇಸ್ ಕರೆಂಟು ಬಂದಿತ್ತು. ಗಿರಣಿಗೆ ಹೋಗಿ ಒಂದು ಚೀಲ ಜೋಳ ಬೀಸಿಕೊಂಡು ಬಂದೆ. ಆಮೇಲೆ ಬುಟ್ಟಿ ತೆಗೆದರು.

ಪರಾತದಲ್ಲಿ ಹೂವು ಮೂಡಿತ್ತು.

“ಪದ್ಮ! ಪದ್ಮ ಐತ್ರಿ!” ಅಕ್ಕನ ಅತ್ತೆ ನೆಲಕ್ಕೆ ಹಣೆ ಹಚ್ಚಿದಳು. “ಶಿವನ ಪಾದಾ ಸೇರ್ಯಾಳ ನನ್ನ ಸೊಸಿ. ನಮ್ಮ ಮ್ಯಾಲೆ ಒಂದೀಟೂ ಸಿಟ್ಟ ಇಟ್ಕೊಂಡಿಲ್ರಿ ಬೀಗತಿ, ಅಳಬ್ಯಾಡ್ರಿ.”

ನನ್ನ ಸೊಸಿ ಎಂಬ ಮಾತನ್ನು ಅಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಮೊದಲ ಸಲ ಕೇಳಿದೆ.

“ಇದು ಅಕ್ಕ ಬಿಡಿಸಿದ್ದಲ್ರಿ. ಗಿರಣಿ ಸಪ್ಪಳಕ್ಕ ಮೂಡಿದ್ದು” ಎಂದೆ.

“ಭಾಳ ಶಾಣ್ಯಾ ಅದಿ ತಮ್ಮಾ. ಗಿರಣಿಗೆ ರಂಗೋಲಿ ಹಾಕೂದೂ ಕಲಿಸೀಯೇನು?” ಅಕ್ಕನ ಗಂಡ ಹೇಳಿದ. ಯಾರೋ ಹಿಂದೆ ಕಿಸಕ್ಕೆಂದರು.

ನಾನು ಪರಾತಕ್ಕೆ ಕೈ ಹಾಕಿ ತರಿಯನ್ನೆಲ್ಲ ಕಲಸಿಬಿಟ್ಟೆ. ಹೆಂಗಸರು ಚೀರಿದರು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ತರಿಯನ್ನು ಸಮ ಮಾಡಿ, ಗಿರಣಿಗೆ ಓಡಿ ಸ್ವಿಚ್ ಒತ್ತಿದೆ. ತಿರುಗಿ ಬಂದಾಗ ಅವರ ಕಣ್ಣೆದುರೇ ಕಾಳುಗಳು ಸರಿದು ಅದೇ ಹೂವಾಗಿ ನಿಂತಿದ್ದವು. ಇನ್ನೇನು, ಈಗ ತಿಳಿಯುತ್ತದೆ ಎಂದುಕೊಂಡೆ.

“ಎರಡ ಸಲಾ ಕೊಟ್ಲವ್ವಾ!” ಅತ್ತೆ ಗಲ್ಲ ಗಲ್ಲ ಬಡಿದುಕೊಂಡಳು. “ತಮ್ಮ ನಂಬಲಿಲ್ಲಂತ ಮತ್ತ ಕೊಟ್ಲು!”

ಅಕ್ಕನ ಗಂಡ ಚಪ್ಪಲಿ ಬಿಟ್ಟು ಬಂದು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡ. ಅವತ್ತು ಎಲ್ಲರೂ ಹೊಟ್ಟೆ ತುಂಬ ಉಂಡು ಹೋದರು.

ಮೊನ್ನೆ ಸವಣೂರಿನ ಒಂದು ಮದುವೆಯಲ್ಲಿ ಅದೇ ಫೋಟೊ ನನ್ನ ಕಣ್ಣಿಗೆ ಬಿತ್ತು. ಪರಿಚಯವಿಲ್ಲದವರೊಬ್ಬರು ಮೊಬೈಲು ತೋರಿಸಿ, ಹಾನಗಲ್ಲಿನ ಒಬ್ಬ ಹೆಣ್ಣುಮಗಳು ಗಂಡನ ಮನೆಯನ್ನು ಹರಸಿ ಹೋದ ಗುರುತು ಇದು ಎಂದರು. ನಾನು ಊಟಕ್ಕೆ ಕೂಡದೆ ಬಸ್ಸು ಹತ್ತಿದೆ.

ಈಗ ಕೆಲವು ದಿನ ಬೆಳಿಗ್ಗೆ ಅವ್ವ ಮುಷ್ಟಿಯಲ್ಲಿ ತರಿ ಹಿಡಿದುಕೊಂಡು ಗಿರಣಿಗೆ ಬರುತ್ತಾಳೆ. “ಒಂದೀಟು ಚಾಲೂ ಮಾಡಪಾ” ಎನ್ನುತ್ತಾಳೆ. ಕಾಳಿಲ್ಲದೆ ಓಡಿಸಿದರೆ ಕಲ್ಲನ್ನು ಕಲ್ಲೇ ತಿನ್ನುತ್ತದೆ, ಆಮೇಲೆ ಹಿಟ್ಟಿನಲ್ಲಿ ಹರಳು ಸಿಗುತ್ತದೆಂದು ಗಿರಾಕಿಗಳು ಬೈಯುತ್ತಾರೆ. ಆದರೂ ಓಡಿಸುತ್ತೇನೆ. ಅವಳು ಅಕ್ಕನ ಮುಚ್ಚಳದ ಮೇಲೆ ತರಿ ಉದುರಿಸಿ, ಮುಂದೆ ಕುಳಿತು ಹೂವು ಮೂಡುವುದನ್ನೇ ನೋಡುತ್ತಾಳೆ.

ನಿನ್ನೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿ ಕೇಳಿದಳು: “ಅಕಿಗೆ ಅವರ ಮ್ಯಾಲೆ ಸಿಟ್ಟ ಇದ್ದಿದ್ರ, ಇದರಾಗ ಹ್ಯಾಂಗ ಕಾಣತಿತ್ತಪಾ?”

“ಹಿಂಗ ಕಾಣತಿತ್ತವ್ವಾ” ಎಂದೆ. “ಸಿಟ್ಟ ಇದ್ರೂ ಇದ ಹೂವು.”

ಮೋಟರಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಕೂಗಿ ಹೇಳಬೇಕಾಗಿತ್ತು. ಹೇಳಲಿಲ್ಲ.