ಇನ್ನೊಂದು ಸುತ್ತು ಹೋಗೋಣ

ಸಂಜೆ ಹೊತ್ತು ಕೆರೆಯ ಸುತ್ತ ಆ ನಾಲ್ವರು ನಡೆಯುವುದನ್ನು ಕಂಡವರಿಗೆ ಸಣ್ಣಗೆ ಹೊಟ್ಟೆಕಿಚ್ಚಾಗುತ್ತಿತ್ತು. ಮುಂದೆ ಕುಣಿಯುತ್ತ ಮಗಳು, ಹಿಂದೆ ಜೋಡಿಯಾಗಿ ಗಂಡ ಹೆಂಡತಿ, ಅವರ ಹಿಂದೆ ಊರುಗೋಲು ಕುಟ್ಟುತ್ತ ಅವಳ ಅತ್ತೆ.

ಗಂಡ ಕಾರು ಓಡಿಸೋದನ್ನು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಅವನ ಕಾಲಡಿಯೂ ಒಂದು ಬ್ರೇಕ್ ಇರುತ್ತಿತ್ತು. ಅದಕ್ಕೇ ಎಲ್ಲರಿಗೂ ಅವನು ಬ್ರೇಕ್ ಮೇಷ್ಟ್ರು. ಕೆರೆಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಅವನ ಹತ್ತಿರವೇ ಕಲಿತವರು.

"ಮೇಷ್ಟ್ರೇ, ನಾನು ನಿಮ್ಮ ಕಾರನ್ನ ಹಾಲಿನಂಗಡಿಗೆ ನುಗ್ಗಿಸಿದ್ನಲ್ಲ, ನೆನಪಿದ್ಯಾ?"

"ಹಾಲಿನವನೇ ಮರೆತಿಲ್ಲ, ನಾನು ಮರೀತೀನಾ?"

ಎಲ್ಲರೂ ನಗುತ್ತಿದ್ದರು. "ಎಂಥಾ ತಾಳ್ಮೆ ರೀ ಇವರದು, ಒಂದಿನ ದನಿ ಎತ್ತಲಿಲ್ಲ" ಅಂತ ಹೆಂಡತಿಗೆ ಹೇಳಿ ಮುಂದೆ ಹೋಗುತ್ತಿದ್ದರು.

ಅದೇನೂ ಸುಳ್ಳಲ್ಲ. ಕಾರಿನಲ್ಲಿ ಅವನು ದನಿ ಎತ್ತುತ್ತಿರಲಿಲ್ಲ. ಯಾರೋ ಲಾರಿಗೆ ಎದುರಾಗಿ ನುಗ್ಗಿಸುತ್ತಿದ್ದರು, ಯಾರೋ ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತುತ್ತಿದ್ದರು. ಅವನು ಜೀವ ಕೈಯಲ್ಲಿ ಹಿಡಿದುಕೊಂಡು, "ಪರವಾಗಿಲ್ಲ, ಮೆಲ್ಲಗೆ, ಮೆಲ್ಲಗೆ" ಅನ್ನುತ್ತಿದ್ದ. ಹಾಗೆ ನುಂಗಿದ್ದನ್ನೆಲ್ಲ ಸಂಜೆ ಮನೆಗೆ ತರುತ್ತಿದ್ದ.

ಮದುವೆಯಾದ ಹೊಸದರಲ್ಲಿ ಒಂದು ಡಬ್ಬಿಗೆ ತಪ್ಪು ಮುಚ್ಚಳ ಹಾಕಿದ್ದಳು ಅಂತ ಕಪಾಳಕ್ಕೆ ಬಾರಿಸಿದ್ದ. ಆಮೇಲಾಮೇಲೆ ಮುಚ್ಚಳವೂ ಬೇಕಾಗಲಿಲ್ಲ. ಮೊದಲು ಕಿಟಕಿ ಹಾಕುತ್ತಿದ್ದ, ಆಮೇಲೆ ಟೀವಿಯ ಸದ್ದು ಜೋರು ಮಾಡುತ್ತಿದ್ದ. ಬೆನ್ನು, ಪಕ್ಕೆ, ತೊಡೆ, ಹೀಗೆ ಬಟ್ಟೆ ಮುಚ್ಚುವ ಜಾಗಕ್ಕೇ ಹೊಡೆತ. ಕೂದಲು ಹಿಡಿದು ತಲೆಯನ್ನು ಗೋಡೆಗೆ ಜಜ್ಜುವಾಗಲೂ ಹಣೆ ಉಳಿಸಿ ಹಿಂದಲೆ ಜಜ್ಜುತ್ತಿದ್ದ. ಅಡುಗೆಮನೆಯ ಮೂಲೆಯಲ್ಲಿ ಅತ್ತೆ ಮೊಮ್ಮಗಳ ಕಿವಿ ಎರಡನ್ನೂ ಅಂಗೈಯಿಂದ ಮುಚ್ಚಿಕೊಂಡು ಕೂತಿರುತ್ತಿದ್ದಳು. ಬಿಡೋ ಅಂತ ಒಂದು ದಿನವೂ ಅಂದವಳಲ್ಲ.

ಸೊಸೆ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ರಕ್ತದ ಕಲೆಗೆ ಬಿಸಿನೀರು ತಾಗಿಸಬಾರದು, ತಣ್ಣೀರಲ್ಲೇ ನೆನೆಹಾಕಬೇಕು ಅಂತ ಕಲಿತದ್ದು ಅಲ್ಲೇ. ಮನೆಯಲ್ಲಿ ತನ್ನ ದಿಂಬಿನ ಕವರನ್ನೂ ಹಾಗೇ ನೆನೆಹಾಕುತ್ತಿದ್ದಳು. ಒಣಗಿದ ಹಾಸಿಗೆ ಬಟ್ಟೆ ಮಡಚಲು ಇಬ್ಬರು ಬೇಕು, ಒಬ್ಬೊಬ್ಬರು ಒಂದೊಂದು ಕಡೆ ಹಿಡಿಯಬೇಕು. ಎದುರಿಗೆ ಹಿಡಿಯುವ ಜೊತೆಗಾತಿ ಬಾಯಿಬಡುಕಿ, ಆದರೆ ಕಣ್ಣು ಚುರುಕು.

"ತೋಳು ಎತ್ತಕ್ಕಾಗ್ತಿಲ್ವಲ್ಲೇ, ಏನಾಯ್ತು?"

"ಬಚ್ಚಲಲ್ಲಿ ಜಾರಿದೆ."

"ಒಡೆದು ಹಾಕೇ ಆ ಬಚ್ಚಲನ್ನ. ಎಷ್ಟು ಸಲ ಬೀಳ್ಸುತ್ತೆ ನಿನ್ನ!"

ಅತ್ತೆಯ ಮಂಡಿ ಹಿಡಿದುಕೊಂಡಾಗ, ದಿನಾ ಸ್ವಲ್ಪ ನಡೆಸಿ ಅಂದರು ಡಾಕ್ಟರು. ಹಾಗೆ ಶುರುವಾದದ್ದು ಈ ಕೆರೆಯ ಓಡಾಟ. ಮೊದಲ ಸಂಜೆಯೇ ಅವಳಿಗೆ ಗೊತ್ತಾಗಿಹೋಯಿತು: ಇಲ್ಲಿ ಅವನು ಹೊಡೆಯಲಾರ. ಪ್ರತಿ ತಿರುವಿನಲ್ಲೂ ಯಾರಾದರೂ ಮೇಷ್ಟ್ರೇ ಅನ್ನುತ್ತಿದ್ದರು, ಅವನು ಕೈ ಬೀಸಿ ಉಬ್ಬುತ್ತಿದ್ದ. ಮನೆ ಕಡೆ ತಿರುಗುವ ದಾರಿ ಬಂದರೆ ಅವಳು, "ಇನ್ನೊಂದು ಸುತ್ತು ಹೋಗೋಣ್ವಾ?" ಅನ್ನುತ್ತಿದ್ದಳು. ಚೆನ್ನಾಗಿ ದಣಿದರೆ ಉಂಡು ಮಲಗಿಬಿಡುತ್ತಿದ್ದ. ಎಲ್ಲ ದಿನ ಅಲ್ಲ, ಕೆಲವು ದಿನ. ಅಷ್ಟೇ ಸಾಕಿತ್ತು ಅವಳಿಗೆ.

ಒಂದು ಸಂಜೆ ಅವಳು ಬಾಯಿ ತೆರೆಯುವ ಮೊದಲೇ ಅತ್ತೆ ಕಲ್ಲುಬೆಂಚಿನಿಂದ ಎದ್ದು, "ಇನ್ನೊಂದು ಸುತ್ತು ಹೋಗೋಣ ಕಣೋ, ಇವತ್ತು ಕಾಲು ಹಗುರಾಗಿದೆ" ಅಂದಳು. ಅತ್ತೆಯ ಮಂಡಿ ಆವತ್ತು ಊದಿ ತೆಂಗಿನಕಾಯಿ ಆಗಿತ್ತು. ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ನೀರು ನೋಡುತ್ತಿದ್ದಳು. ಆಮೇಲೆ ಇಬ್ಬರೂ ಸರದಿ ಮೇಲೆ ಕೇಳತೊಡಗಿದರು.

ಹೀಗಿರುವಾಗ ಒಂದು ಸಂಜೆ, ಆಗಷ್ಟೇ ಲೈಸೆನ್ಸ್ ಸಿಕ್ಕಿದ್ದ ಹೆಂಗಸೊಬ್ಬಳು ಎದುರಾದಳು. ಮೇಷ್ಟ್ರನ್ನು ಹೊಗಳಿ ಹೊಗಳಿ, ಕೊನೆಗೆ ಬಗ್ಗಿ ಮಗಳ ಗಲ್ಲ ಹಿಡಿದಳು. "ಪುಣ್ಯ ಮಾಡಿದ್ದೀಯ ಪುಟ್ಟಿ. ಮನೇಲೂ ಅಪ್ಪ ಹೀಗೇ ನಗ್ತಾ ಇರ್ತಾರಾ?"

ಎರಡನೇ ಕ್ಲಾಸಿನ ಹುಡುಗಿ, ಕೇಳಿದ್ದಕ್ಕೆ ಉತ್ತರ ಕೊಟ್ಟಳು. "ಇಲ್ಲ ಆಂಟಿ. ಮನೇಲಿ ಅಮ್ಮಂಗೆ ಹೊಡೀತಾರೆ."

ಹೆಂಗಸಿನ ನಗು ಅರ್ಧಕ್ಕೇ ನಿಂತಿತು. ಮೇಷ್ಟ್ರು ಮಾತ್ರ ಜೋರಾಗಿ ನಕ್ಕ. "ಟೀವಿ ನೋಡಿ ನೋಡಿ ಕತೆ ಕಟ್ಟೋದು ಕಲಿತಿದ್ದಾಳೆ!" ಆ ಹೆಂಗಸು ಸರಸರ ನಡೆದು ಹೋದಮೇಲೆ ಮಗಳ ಕತ್ತಿನ ಹಿಂದೆ ಕೈ ಇಟ್ಟ. ದೂರದಿಂದ ಮುದ್ದು ಮಾಡಿದಂತೆ ಕಾಣುತ್ತಿತ್ತು. ಹುಡುಗಿ ನೋವಿಗೆ ತುದಿಗಾಲ ಮೇಲೆ ನಿಂತಿದ್ದಳು.

"ನಡಿ ಮನೆಗೆ. ನಿನ್ನ ನಾಲಿಗೆ ಎಷ್ಟುದ್ದ ಇದೆ ಅಂತ ಇವತ್ತು ನೋಡೇ ಬಿಡ್ತೀನಿ."

ಅಲ್ಲಿವರೆಗೆ ಅವನು ಮಗುವನ್ನು ಮುಟ್ಟಿರಲಿಲ್ಲ.

"ಇನ್ನೊಂದು ಸುತ್ತು ಹೋಗೋಣ ರೀ" ಅಂದಳು ಅವಳು.

"ಮನೆಗೆ ಅಂದೆ."

"ಬರಲ್ಲ. ಮಗೂನ ಬಿಡಿ."

"ಏನಂದೆ?"

ಅವಳು ಅವನ ಬೆರಳುಗಳನ್ನು ಮಗಳ ಕತ್ತಿನಿಂದ ಒಂದೊಂದಾಗಿ ಬಿಡಿಸತೊಡಗಿದಳು. ಅವನು ಅವಳ ಕಿರುಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಿದ, ಲಟಕ್ಕೆಂದು ಮುರಿಯುವವರೆಗೂ ಬಗ್ಗಿಸಿದ. ಅವಳು ಕಿರುಚಿದಳು. ಮನೆಯಲ್ಲಿ ಇಷ್ಟು ವರ್ಷ ಒಂದು ದಿನವೂ ಕಿರುಚಿದವಳಲ್ಲ. ನೀರಿನ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ತಾನು ಎಲ್ಲಿದ್ದೇನೆ ಅನ್ನುವುದು ಅವನಿಗೆ ಮರೆತೇಹೋಯಿತು. ಮುಷ್ಟಿ ಕಟ್ಟಿ ಅವಳ ಬಾಯಿಗೆ ಗುದ್ದಿದ, ತುಟಿ ಸೀಳಿತು. ಕೆರೆಯಂಚಿನ ಕಬ್ಬಿಣದ ಕಂಬಿಗೆ ಅವಳ ತಲೆ ಬಡಿದ, ಒಮ್ಮೆ, ಮತ್ತೊಮ್ಮೆ. ಈ ಸಲ ಹಣೆ ಉಳಿಸಲಿಲ್ಲ. ಬಿದ್ದವಳ ಹೊಟ್ಟೆಗೆ ಬೂಟುಗಾಲಲ್ಲಿ ಒದ್ದ. ಸುತ್ತ ಜನ ಸೇರಿದರು. ಒಬ್ಬ ಫೋನು ಎತ್ತಿ ಹಿಡಿದ. ಇನ್ನೊಬ್ಬ, "ಮೇಷ್ಟ್ರೇ, ಏನಿದು ಮೇಷ್ಟ್ರೇ" ಅಂತ ನಿಂತಲ್ಲೇ ಒದರಿದ. ಹತ್ತಿರ ಯಾರೂ ಬರಲಿಲ್ಲ.

ಅವನು ಮಗಳ ಜುಟ್ಟು ಹಿಡಿದು ಎಳೆದುಕೊಂಡು ಹೊರಟ. ಅವಳು ತೆವಳಿ ಬಂದು ಅವನ ಕಾಲು ತಬ್ಬಿ, ಮೀನಖಂಡಕ್ಕೆ ಹಲ್ಲು ಊರಿದಳು. ಬಾಯಿಯ ತುಂಬ ಉಪ್ಪುಪ್ಪು ರಕ್ತ, ಅವನದೋ ತನ್ನದೋ ತಿಳಿಯಲಿಲ್ಲ. ಅವನು ಇನ್ನೊಂದು ಕಾಲಿಂದ ಅವಳ ಕಿವಿಯ ಮೇಲೆ ತುಳಿದ. ಆದರೂ ಅವಳು ಬಿಡಲಿಲ್ಲ.

ಆಗ ಅತ್ತೆ ಬಂದಳು. ಊರುಗೋಲನ್ನು ಎರಡೂ ಕೈಯಲ್ಲಿ ಎತ್ತಿ, ಮೊಮ್ಮಗಳ ಜುಟ್ಟು ಹಿಡಿದ ಕೈಯ ಮಣಿಕಟ್ಟಿಗೆ ಬೀಸಿದಳು. ಮೂಳೆಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಜುಟ್ಟು ಬಿಟ್ಟುಹೋಯಿತು. ಎರಡನೇ ಏಟಿಗೆ ಹುಬ್ಬು ಒಡೆದು ಮುಖದ ತುಂಬ ರಕ್ತ ಇಳಿಯಿತು.

"ಅಮ್ಮಾ!" ಅಂದ ಅವನು, ಮುಖಕ್ಕೆ ಕೈ ಅಡ್ಡ ಹಿಡಿದು, ಚಿಕ್ಕ ಹುಡುಗನ ಹಾಗೆ.

ಅತ್ತೆ ಮತ್ತೆ ಹೊಡೆದಳು. ಭುಜದ ಮೇಲೆ ಕೋಲು ಎರಡು ತುಂಡಾಯಿತು. ಆಮೇಲೆ ನಿಲ್ಲಲಾರದೆ ದಾರಿಯ ನಡುವೆಯೇ ಕುಸಿದು ಕೂತಳು. ಆಗಷ್ಟೇ ಜನಕ್ಕೆ ಕೈಕಾಲು ಬಂದದ್ದು. ನಾಲ್ಕಾರು ಜನ ಅವನನ್ನು ನೆಲಕ್ಕೆ ಅದುಮಿದರು, ಕೆರೆಯ ಕಾವಲುಗಾರ ಕಾಲ ಮೇಲೆ ಕೂತ.

ಅವಳನ್ನು ಸೇರಿಸಿದ್ದು ಅವಳು ಕೆಲಸ ಮಾಡುವ ಆಸ್ಪತ್ರೆಗೇ. ಮರುದಿನ ಜೊತೆಗಾತಿ ಕೆಳಗಿನಿಂದ ಒದ್ದೆ ಕೈಯಲ್ಲೇ ಓಡಿಬಂದು, ಹೊಲಿಗೆ ಹಾಕಿದ ಆ ಮುಖ ನೋಡಿ ಮಂಚದ ಕಂಬಿ ಹಿಡಿದುಕೊಂಡಳು.

"ಬಚ್ಚಲಾ?"

"ಅಲ್ಲ" ಅಂದಳು ಅವಳು, ಊದಿದ ಬಾಯಲ್ಲಿ. "ಗಂಡ."

ಪೊಲೀಸರು ಅತ್ತೆಯ ಹೇಳಿಕೆಗೆ ಬಂದಾಗ ಮುದುಕಿ ಎದ್ದು ಕೂತಳು. "ನಾನೇ ಹೊಡೆದಿದ್ದು, ಬರ್ಕೊಳ್ಳಿ. ಅವನು ಹೊಡೆದದ್ದನ್ನೂ ಬರ್ಕೊಳ್ಳಿ. ಮದುವೆಯಾದಾಗಿನಿಂದ ಹೇಳ್ತೀನಿ, ಪುರುಸೊತ್ತು ಮಾಡ್ಕೊಂಡು ಕೂತ್ಕೊಳ್ಳಿ."

ಅವನಿಗೆ ಜೈಲಾಯಿತು. ಹೊರಬಂದಮೇಲೆ ಬೇರೆ ಊರಿಗೆ ಹೋಗಿ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಿದ್ದಾನಂತೆ. ಅಂಥಾ ತಾಳ್ಮೆಯ ಮನುಷ್ಯ, ಅವಳೇ ಏನೋ ಕೆಣಕಿರಬೇಕು ಅನ್ನುವವರು ಕೆರೆಯ ದಂಡೆಯಲ್ಲಿ ಇನ್ನೂ ಇದ್ದಾರೆ. ಅವಳಿಗೆ ಒಂದು ಕಿವಿ ಕೇಳಿಸುವುದಿಲ್ಲ. ಈಗ ಮೂವರೂ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದಾರೆ. ಅತ್ತೆಯನ್ನು ಬನ್ನಿ ಅಂತ ಅವಳು ಕರೆದಿರಲಿಲ್ಲ, ಅತ್ತೆ ತಾನೇ ಗಂಟು ಕಟ್ಟಿಕೊಂಡು ಹಿಂದೆ ಬಂದಳು.

ಒಂದು ಮಧ್ಯಾಹ್ನ, ಸೊಸೆ ತಡೆಯಲಾರದೆ ಕೇಳಿಯೇಬಿಟ್ಟಳು. "ಮೊದಲೇ ಯಾಕೆ ಹೊಡೀಲಿಲ್ಲ ಅತ್ತೆ ನೀವು?"

"ಹೆದರಿಕೆ ಕಣೇ. ಅವರಪ್ಪನಿಗೂ ಹೆದರಿದೆ, ಇವನಿಗೂ ಹೆದರಿದೆ."

"ಆವತ್ತು ಹೆದರಿಕೆ ಇರ್ಲಿಲ್ವಾ?"

"ಆವತ್ತೂ ಇತ್ತು."

ಆ ಮಾತು ಕೇಳಿ ಅವಳ ಮೈಯೆಲ್ಲ ಉರಿದುಹೋಯಿತು. ಹೆದರಿಕೆ ಇಟ್ಟುಕೊಂಡೇ ಹೊಡೆಯಬಹುದು ಅನ್ನುವುದಾದರೆ, ಅಷ್ಟು ವರ್ಷ? ಕೈಲಿದ್ದ ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಿ ಎದ್ದು ಹೋದಳು. ಕೆಲವು ದಿನ ಇಬ್ಬರಿಗೂ ಮಾತಿಲ್ಲ. ಆಮೇಲೆ ಮಗಳಿಗೆ ಜ್ವರ ಏರಿತು. ಒಬ್ಬರು ಮಾತ್ರೆಗೆ ಓಡಬೇಕಿತ್ತು, ಒಬ್ಬರು ಹಣೆಗೆ ಒದ್ದೆ ಬಟ್ಟೆ ಹಾಕಬೇಕಿತ್ತು. "ನೀವು ಕೂತಿರಿ, ನಾನು ಹೋಗ್ಬರ್ತೀನಿ" ಅಂದಳು ಸೊಸೆ, ಚಪ್ಪಲಿ ಮೆಟ್ಟುತ್ತ.